ಮುಳ್ಳು ಕೊಂದದ್ದೋ, ಕ್ಷಾರ ಕೊಂದದ್ದೋ: ಟೈಟಾನಿಯಂ ಬಿಲ್ಲೆಗಳ ಮೇಲೆ ಬ್ಯಾಕ್ಟೀರಿಯಾ ಬೆಳೆಸಿದ ಅನುಭವ

ನನ್ನ ಸಂಶೋಧನೆಯ ಎರಡನೆಯ ವರ್ಷದ ಒಂದು ಬೆಳಿಗ್ಗೆ ಇನ್‌ಕ್ಯುಬೇಟರಿನಿಂದ ಬ್ಯಾಕ್ಟೀರಿಯಾ ಬೆಳೆಸುವ ಆರು ಅಗಾರ್ ಪ್ಲೇಟುಗಳನ್ನು ಹೊರತೆಗೆದೆ. ಮೂರರಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕಾಲೊನಿಗಳು ಎಣಿಸಲಾಗದಷ್ಟು ಕಿಕ್ಕಿರಿದಿದ್ದವು. ಉಳಿದ ಮೂರು ಆಗಷ್ಟೇ ಸುರಿದಿಟ್ಟ ಪ್ಲೇಟುಗಳಂತೆ ಬರಿದಾಗಿದ್ದವು. ಕಿಕ್ಕಿರಿದವು ನಯವಾದ ಟೈಟಾನಿಯಂ ಬಿಲ್ಲೆಗಳಿಂದ ಬಂದವು, ಬರಿದಾದವು ನಾನು ಮೇಲ್ಮೈಯಲ್ಲಿ ನ್ಯಾನೊ ಗಾತ್ರದ ಮುಳ್ಳುಗಳನ್ನು ಬೆಳೆಸಿದ್ದ ಬಿಲ್ಲೆಗಳಿಂದ ಬಂದವು. ಫೋಟೊ ತೆಗೆದುಕೊಂಡು ನಮ್ಮ ಮಾರ್ಗದರ್ಶಕರ ಕೋಣೆಗೆ ಓಡಿದೆ. ಅವರು ಫೋಟೊವನ್ನು ಬಹಳ ಹೊತ್ತು ನೋಡಿ, "ಒಂದೂ ಉಳಿದಿಲ್ಲವೆ?" ಎಂದು ಕೇಳಿದರು. "ಒಂದೂ ಇಲ್ಲ ಮೇಡಂ" ಎಂದೆ. "ಹಾಗಾದರೆ ಕೊಂದದ್ದು ಮುಳ್ಳೇ ಎಂದು ನಿಮಗೆ ಹೇಗೆ ಗೊತ್ತು?" ಎಂದರು. ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಈ ಬರಹ ಆ ಹದಿನಾಲ್ಕು ತಿಂಗಳುಗಳ ಕುರಿತಾದದ್ದು.

ಮೊದಲಿಗೆ ಈ ಕೆಲಸದ ಮೂಲವನ್ನು ಹೇಳಬೇಕು. 2012ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸ್ವಿನ್‌ಬರ್ನ್ ವಿಶ್ವವಿದ್ಯಾಲಯದ ಎಲೆನಾ ಇವನೋವಾ ಮತ್ತು ಸಂಗಡಿಗರು ಸಿಕಾಡಾದ, ಅಂದರೆ ನಮ್ಮ ಮಲೆನಾಡಿನವರು ಜೀರುಂಡೆಯೆನ್ನುವ ಕೀಟದ, ಒಂದು ಆಸ್ಟ್ರೇಲಿಯನ್ ಪ್ರಭೇದದ ರೆಕ್ಕೆಯನ್ನು ಪರೀಕ್ಷಿಸಿದರು. ಕೆಸುವಿನ ಎಲೆಯ ಮೇಲಿನಂತೆ ಆ ರೆಕ್ಕೆಯ ಮೇಲೂ ನೀರು ಹನಿಯಾಗಿ ಉರುಳಿಹೋಗುತ್ತದೆ. ಆದ್ದರಿಂದ ಅದರ ಮೇಲೆ ಬ್ಯಾಕ್ಟೀರಿಯಾ ಅಂಟಿಕೊಳ್ಳಲಾರದು ಎಂದು ಯಾರಾದರೂ ನಿರೀಕ್ಷಿಸುತ್ತಾರೆ. ನಡೆದದ್ದು ಬೇರೆ. ಸ್ಯೂಡೊಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿಯೇ ಅಂಟಿಕೊಂಡಿತು, ಅಂಟಿಕೊಂಡ ಕೆಲವೇ ನಿಮಿಷಗಳಲ್ಲಿ ಸತ್ತಿತು. ರೆಕ್ಕೆಯ ಮೇಲೆ ಸುಮಾರು 200 ನ್ಯಾನೊಮೀಟರ್ ಎತ್ತರದ, ತುದಿಯಲ್ಲಿ 60 ನ್ಯಾನೊಮೀಟರ್ ದಪ್ಪದ ಪುಟ್ಟ ಕಂಬಗಳು 170 ನ್ಯಾನೊಮೀಟರ್ ಅಂತರದಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಮರುವರ್ಷ ಅದೇ ತಂಡ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯಲ್ಲಿಯೂ, ಕಪ್ಪು ಸಿಲಿಕಾನ್ ಎಂಬ ಕೃತಕ ಮೇಲ್ಮೈಯಲ್ಲಿಯೂ ಇಂಥದೇ ಗುಣವನ್ನು ತೋರಿಸಿತು.

ನ್ಯಾನೊಮೀಟರ್ ಲೆಕ್ಕ ಕಣ್ಣಿಗೆ ಕಟ್ಟುವುದು ಕಷ್ಟವಾದ್ದರಿಂದ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಒಂದು ಹೋಲಿಕೆಯನ್ನು ಹೇಳುತ್ತೇನೆ. ಎರಡು ಮೈಕ್ರೊಮೀಟರ್, ಅಂದರೆ ಎರಡು ಸಾವಿರ ನ್ಯಾನೊಮೀಟರ್, ಉದ್ದದ ಒಂದು ಬ್ಯಾಕ್ಟೀರಿಯಾವನ್ನು ಎರಡು ಅಡಿಯ ತಲೆದಿಂಬಿನಷ್ಟು ಹಿಗ್ಗಿಸಿದರೆ, ಆ ಕಂಬಗಳು ಬೆರಳಿನ ದಪ್ಪದ, ಎರಡೂವರೆ ಅಂಗುಲ ಎತ್ತರದ ಗೂಟಗಳಾಗುತ್ತವೆ ಮತ್ತು ಎರಡೆರಡು ಅಂಗುಲಕ್ಕೊಂದರಂತೆ ನೆಟ್ಟಿರುತ್ತವೆ. ಅಷ್ಟು ಒತ್ತಾಗಿ ನೆಟ್ಟ ಗೂಟಗಳ ಮೇಲೆ ದಿಂಬನ್ನಿಟ್ಟರೆ ಯಾವ ಗೂಟವೂ ಅದನ್ನು ಚುಚ್ಚುವುದಿಲ್ಲ. ದಿಂಬು ಗೂಟಗಳ ನಡುವಿನ ಜಾಗದಲ್ಲಿ ಜೋತು ಬೀಳುತ್ತದೆ, ಅಲ್ಲಿ ಬಟ್ಟೆ ಬಿಗಿದುಕೊಳ್ಳುತ್ತದೆ, ಬಿಗಿತ ಮಿತಿಮೀರಿದರೆ ಹರಿಯುತ್ತದೆ. 2013ರಲ್ಲಿ ಅದೇ ತಂಡದವರು ಪ್ರಕಟಿಸಿದ ಭೌತಿಕ ಮಾದರಿಯೂ ಇದನ್ನೇ ಹೇಳುತ್ತದೆ: ಕೋಶಪೊರೆ ಹರಿಯುವುದು ಕಂಬದ ತುದಿಯಲ್ಲಲ್ಲ, ಎರಡು ಕಂಬಗಳ ನಡುವೆ. "ಮುಳ್ಳು" ಎಂಬ ಮಾತು ಬಳಕೆಗೆ ಸುಲಭವೆಂದು ನಾನೂ ಬಳಸುತ್ತಿದ್ದೇನೆ. ಆದರೆ ಆ ಮಾತು ನಮ್ಮ ಕಲ್ಪನೆಯನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ.

ನಮ್ಮ ಆಸಕ್ತಿ ಟೈಟಾನಿಯಮ್ಮಿನ ಮೇಲಿತ್ತು. ಸೊಂಟದ ಕೃತಕ ಕೀಲು, ಮೂಳೆಗೆ ಹಾಕುವ ಸ್ಕ್ರೂ, ಹಲ್ಲಿನ ಇಂಪ್ಲಾಂಟ್ ಇವೆಲ್ಲಕ್ಕೂ ಟೈಟಾನಿಯಂ ಅಥವಾ ಅದರ ಮಿಶ್ರಲೋಹ ಹೆಚ್ಚಾಗಿ ಬಳಕೆಯಾಗುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಪದರ ಕಟ್ಟಿಕೊಂಡರೆ ಪ್ರತಿಜೈವಿಕ ಔಷಧಗಳು ಸುಲಭವಾಗಿ ಫಲ ಕೊಡುವುದಿಲ್ಲ. ಎಷ್ಟೋ ಸಲ ಇಂಪ್ಲಾಂಟನ್ನೇ ತೆಗೆಯಬೇಕಾಗುತ್ತದೆ. ದೇಹದ ಜೀವಕೋಶ ಮೊದಲು ಆ ಮೇಲ್ಮೈಯನ್ನು ಹಿಡಿಯುತ್ತದೋ ಬ್ಯಾಕ್ಟೀರಿಯಾ ಮೊದಲು ಹಿಡಿಯುತ್ತದೋ ಎಂಬುದನ್ನು 1987ರಲ್ಲಿ ಆಂಟನಿ ಗ್ರಿಸ್ಟಿನಾ ಎಂಬ ವೈದ್ಯವಿಜ್ಞಾನಿ ಮೇಲ್ಮೈಗಾಗಿ ನಡೆಯುವ ಓಟವೆಂದು ಕರೆದರು. ಆ ಓಟದ ಮೊದಲ ಗಂಟೆಗಳಲ್ಲಿ ಬ್ಯಾಕ್ಟೀರಿಯಾದ ಕಾಲೆಳೆಯಲು ಮೇಲ್ಮೈಯ ರಚನೆಯೊಂದೇ ಸಾಕಾಗುವುದೆ ಎಂಬುದು ನನಗೆ ಸಿಕ್ಕ ವಿಷಯ.

ಕೆಲಸ ಆರಂಭವಾದದ್ದು ಪ್ರಯೋಗಾಲಯದಲ್ಲಲ್ಲ, ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಹನ್ನೆರಡು ಮಿಲಿಮೀಟರ್ ದಪ್ಪದ ಟೈಟಾನಿಯಂ ರಾಡನ್ನು ಅಲ್ಲಿ ವೈರ್‌ಕಟ್ ಯಂತ್ರದಲ್ಲಿ ಎರಡೆರಡು ಮಿಲಿಮೀಟರಿನ ಬಿಲ್ಲೆಗಳಾಗಿ ಕತ್ತರಿಸಿಕೊಟ್ಟರು. ಬಿಲ್ಲೆಗಳ ಮೈ ಕಂದು ಬಣ್ಣಕ್ಕೆ ತಿರುಗಿತ್ತು. ಯಂತ್ರ ನಡೆಸುವ ಅಣ್ಣ, "ಇದು ಹಿತ್ತಾಳೆ ವೈರು, ಮೈಯೆಲ್ಲ ಅದರ ಅಂಶ ಹತ್ತಿರುತ್ತೆ, ಚೆನ್ನಾಗಿ ಉಜ್ಜಿಕೊಳ್ಳಿ" ಎಂದರು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ತಾಮ್ರ ತಾನಾಗಿಯೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅವರು ಆ ಮಾತು ಹೇಳದಿದ್ದರೆ ನನ್ನ ತಪ್ಪುಗಳ ಪಟ್ಟಿಗೆ ಇನ್ನೊಂದು ಸೇರುತ್ತಿತ್ತು. 220ನೆಯ ನಂಬರಿನ ಎಮೆರಿ ಕಾಗದದಿಂದ ತೊಡಗಿ 2000ದವರೆಗೆ ಒಂದೊಂದಾಗಿ ಉಜ್ಜಿ, ಕೊನೆಯಲ್ಲಿ ಸಿಲಿಕಾ ದ್ರಾವಣದಿಂದ ಕನ್ನಡಿಯ ಹೊಳಪು ಬರುವವರೆಗೆ ಪಾಲಿಶ್ ಮಾಡಬೇಕು. ಟೈಟಾನಿಯಂ ಉಜ್ಜುವುದಕ್ಕೆ ಬಹಳ ಹಟಮಾರಿ ಲೋಹ. ಒಂದು ಬಿಲ್ಲೆಗೆ ಒಂದು ಗಂಟೆ ಹಿಡಿಯುತ್ತಿತ್ತು. ಮೊದಲ ತಿಂಗಳು ನನ್ನ ಬೆರಳ ತುದಿಗಳ ಚರ್ಮವೂ ಅದರ ಜೊತೆಗೇ ಸವೆಯಿತು. ಆಮೇಲೆ ಅಸಿಟೋನ್, ಎಥನಾಲ್, ಶುದ್ಧ ನೀರು ಈ ಮೂರರಲ್ಲಿ ಹತ್ತು ಹತ್ತು ನಿಮಿಷ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆಯುವುದು.

ಮುಳ್ಳು ಬೆಳೆಸುವ ಹಂತ ಇದಕ್ಕೆ ಹೋಲಿಸಿದರೆ ಸರಳ. ಟೆಫ್ಲಾನ್ ಒಳಪಾತ್ರೆಯಿರುವ ಉಕ್ಕಿನ ಆಟೋಕ್ಲೇವಿನಲ್ಲಿ ಬಿಲ್ಲೆಯನ್ನು ಓರೆಯಾಗಿ ನಿಲ್ಲಿಸಿ, ಅದು ಮುಳುಗುವಷ್ಟು ಒಂದು ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಸುರಿದು, ಮುಚ್ಚಳ ಬಿಗಿದು, 200 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ನಾಲ್ಕು ಗಂಟೆ ಇಡುವುದು. ಕ್ಷಾರವು ಲೋಹದ ಮೇಲಿನ ಆಕ್ಸೈಡ್ ಪದರವನ್ನು ಕರಗಿಸುತ್ತದೆ. ಕರಗಿದ್ದು ಸೋಡಿಯಂ ಟೈಟನೇಟ್ ಆಗಿ ಮತ್ತೆ ಅದೇ ಮೇಲ್ಮೈಯ ಮೇಲೆ ಸೂಜಿಗಳ ರೂಪದಲ್ಲಿ ಬೆಳೆಯುತ್ತದೆ. ರಾತ್ರಿಯಿಡೀ ತಣಿಯಲು ಬಿಟ್ಟು ಬೆಳಿಗ್ಗೆ ತೆರೆದಾಗ ಕನ್ನಡಿಯಂತಿದ್ದ ಬಿಲ್ಲೆ ಬೂದುಬಣ್ಣಕ್ಕೆ ತಿರುಗಿ, ಬೆಳಕನ್ನು ಹೀರಿಕೊಳ್ಳುವ ಹಾಗೆ ಮಂಕಾಗಿತ್ತು. ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಐವತ್ತು ಸಾವಿರ ಪಟ್ಟು ಹಿಗ್ಗಿಸಿ ನೋಡಿದರೆ ಗಾಳಿಗೆ ಅಡ್ಡಾದಿಡ್ಡಿ ಬಾಗಿದ ದರ್ಭೆಯ ಹುಲ್ಲುಗಾವಲು. ಸಿಕಾಡಾ ರೆಕ್ಕೆಯ ಅಚ್ಚುಕಟ್ಟು ಇಲ್ಲಿರಲಿಲ್ಲ. ಎತ್ತರ, ದಪ್ಪ, ಅಂತರ ಎಲ್ಲವೂ ಜಾಗದಿಂದ ಜಾಗಕ್ಕೆ ಬದಲಾಗುತ್ತಿದ್ದವು. ಆದರೂ ನನ್ನ ಕೈಯಿಂದ ಆದ ಮೊದಲ ನ್ಯಾನೊ ರಚನೆಯೆಂದು ಆ ಚಿತ್ರವನ್ನು ಮನೆಯವರಿಗೆಲ್ಲ ಕಳುಹಿಸಿದೆ. "ಚೆನ್ನಾಗಿದೆ, ಯಾವ ಕಾಡು?" ಎಂದು ದೊಡ್ಡಪ್ಪ ಕೇಳಿದರು.

ಇನ್ನು ಬ್ಯಾಕ್ಟೀರಿಯಾ. ಇ. ಕೋಲಿ ಮತ್ತು ಸ್ಟ್ಯಾಫಿಲೊಕಾಕಸ್ ಆರಿಯಸ್ ಎರಡರ ಪ್ರಮಾಣಿತ ತಳಿಗಳನ್ನು ತೆಗೆದುಕೊಂಡೆ, ಏಕೆಂದರೆ ಇವೆರಡರ ಮೈಕಟ್ಟು ಬೇರೆ. ಇ. ಕೋಲಿ ಗ್ರಾಂ-ನೆಗೆಟಿವ್ ಗುಂಪಿನದು. ಅದರ ಭಿತ್ತಿಗೆ ಗಟ್ಟಿತನ ಕೊಡುವ ಪೆಪ್ಟಿಡೊಗ್ಲೈಕನ್ ಪದರ ಕೆಲವೇ ನ್ಯಾನೊಮೀಟರ್ ದಪ್ಪ. ಸ್ಟ್ಯಾಫಿಲೊಕಾಕಸ್ ಗ್ರಾಂ-ಪಾಸಿಟಿವ್, ಅದರ ಭಿತ್ತಿ ಹತ್ತು ಪಟ್ಟಿನಷ್ಟು ದಪ್ಪ, ಆಕಾರವೂ ಗುಂಡು. ತೆಳು ಗಲೀಬಿನ ದಿಂಬು ಒಂದು, ದಪ್ಪ ಚರ್ಮದ ಚೆಂಡು ಇನ್ನೊಂದು. ಕಲ್ಚರನ್ನು ಬೆಳೆಸಿ, ತೊಳೆದು, ಉಪ್ಪುನೀರಿನಲ್ಲಿ ಮಿಲಿಲೀಟರಿಗೆ ಸುಮಾರು ಹತ್ತು ಲಕ್ಷ ಕೋಶಗಳಿರುವಂತೆ ತೆಳುಗೊಳಿಸಿ, ಬಿಲ್ಲೆಗಳ ಮೇಲೆ ಒಂದೊಂದು ಮಿಲಿಲೀಟರ್ ಸುರಿದು, 37 ಡಿಗ್ರಿಯಲ್ಲಿ ಆರು ಗಂಟೆ ಇಟ್ಟೆ. ಪೌಷ್ಟಿಕ ಬ್ರಾತಿನ ಬದಲು 0.85 ಶೇಕಡಾ ಉಪ್ಪುನೀರನ್ನು ಆರಿಸಿಕೊಂಡದ್ದು, ಅದರಲ್ಲಿ ಬ್ಯಾಕ್ಟೀರಿಯಾ ವಿಭಜನೆಯಾಗದೆ ಇದ್ದಷ್ಟೇ ಇರುತ್ತದೆ, ಸತ್ತದ್ದನ್ನು ಮಾತ್ರ ಎಣಿಸಬಹುದು ಎಂಬ ಜಾಣತನದಿಂದ. ಮೊದಲ ಬಾರಿಗೆ ಇ. ಕೋಲಿಯನ್ನು ಹಾಕಿದಾಗ ಬಂದದ್ದೇ ಆ ಮೂರು ಖಾಲಿ ಪ್ಲೇಟುಗಳು.

ಮಾರ್ಗದರ್ಶಕರ ಪ್ರಶ್ನೆಯಿಂದ ಸ್ವಲ್ಪ ಮುನಿಸಿಕೊಂಡೇ ಒಂದು ಸರಳ ಪರೀಕ್ಷೆ ಮಾಡಿದೆ. ಮುಳ್ಳಿನ ಬಿಲ್ಲೆಯನ್ನು ಬ್ಯಾಕ್ಟೀರಿಯಾ ಇಲ್ಲದ ಉಪ್ಪುನೀರಿನಲ್ಲಿ ಆರು ಗಂಟೆ ನೆನೆಹಾಕಿ, ಬಿಲ್ಲೆಯನ್ನು ತೆಗೆದುಹಾಕಿ, ಆ ನೀರಿಗೆ ಮಾತ್ರ ಬ್ಯಾಕ್ಟೀರಿಯಾವನ್ನು ಬಿಟ್ಟೆ. ಮುಳ್ಳೇ ಇಲ್ಲದ ಆ ನೀರಿನಲ್ಲಿಯೂ ಇ. ಕೋಲಿ ಸತ್ತಿತು. ಆಮ್ಲ-ಕ್ಷಾರದ ಮಟ್ಟ ತೋರಿಸುವ ಪಿಎಚ್ ಕಾಗದವನ್ನು ಅದ್ದಿದರೆ ಕಡುನೀಲಿ: ಹತ್ತರ ಮೇಲೆ. ಏಳು ಇದ್ದರೆ ತಟಸ್ಥ, ಅದಕ್ಕಿಂತ ಮೇಲೇರಿದಷ್ಟೂ ಕ್ಷಾರ. ಮುಳ್ಳುಗಳೆಲ್ಲ ಸೋಡಿಯಂ ಟೈಟನೇಟ್ ಆಗಿದ್ದುದರಿಂದ ಅವುಗಳ ಸೋಡಿಯಂ ನೀರಿಗಿಳಿದು, ಸಂದಿಗಳಲ್ಲಿ ಉಳಿದಿದ್ದ ಕ್ಷಾರವೂ ಅದಕ್ಕೆ ಸೇರಿ, ಬಿಲ್ಲೆಯ ಮೇಲಿನ ಒಂದು ಮಿಲಿಲೀಟರ್ ನೀರನ್ನು ತೆಳುವಾದ ಕ್ಷಾರದ ದ್ರಾವಣದಂತೆ ಮಾಡಿಬಿಟ್ಟಿದ್ದವು. ಬ್ರಾತ್ ಬಳಸಿದ್ದರೆ ಅದು ಈ ಕ್ಷಾರವನ್ನು ಒಂದಿಷ್ಟು ತಡೆದುಕೊಳ್ಳುತ್ತಿತ್ತು. ಉಪ್ಪುನೀರಿಗೆ ಆ ಶಕ್ತಿಯಿಲ್ಲ. ನನ್ನ ಜಾಣತನವೇ ನನಗೆ ಮುಳುವಾಗಿತ್ತು.

ಮತ್ತೆ ಇವನೋವಾ ಅವರ 2012ರ ಲೇಖನವನ್ನು ತೆರೆದು ಓದಿದಾಗ, ಮೊದಲ ಓದಿನಲ್ಲಿ ನಾನು ಹಾರಿಸಿಬಿಟ್ಟಿದ್ದ ಒಂದು ಪ್ರಯೋಗ ಕಣ್ಣಿಗೆ ಬಿತ್ತು. ಅವರು ಸಿಕಾಡಾ ರೆಕ್ಕೆಗೆ ಹತ್ತು ನ್ಯಾನೊಮೀಟರ್ ದಪ್ಪದ ಚಿನ್ನದ ಲೇಪ ಕೊಟ್ಟು ಪ್ರಯೋಗವನ್ನು ಪುನರಾವರ್ತಿಸಿದ್ದರು. ಲೇಪದಿಂದ ರೆಕ್ಕೆಯ ರಸಾಯನ ಬದಲಾಯಿತು, ನೀರನ್ನು ತಳ್ಳುವ ಗುಣ ಕುಗ್ಗಿತು, ಆದರೆ ಕಂಬಗಳ ಆಕಾರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು; ಬ್ಯಾಕ್ಟೀರಿಯಾ ಆಗಲೂ ಸತ್ತಿತು. ಕೊಲ್ಲುತ್ತಿರುವುದು ಆಕಾರ ಎಂದು ಹೇಳುವ ಹಕ್ಕನ್ನು ಅವರು ಹೀಗೆ ಸಂಪಾದಿಸಿಕೊಂಡಿದ್ದರು. ನಾನು ಆ ಹಕ್ಕನ್ನು ಸಾಲ ತಂದಿದ್ದೆ.

ಮುಂದಿನ ನಾಲ್ಕು ತಿಂಗಳು ಹೋದದ್ದು ಕ್ಷಾರವನ್ನು ಹೊರಹಾಕುವುದರಲ್ಲಿ. ಬಿಲ್ಲೆಗಳನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದರೆ ಸೋಡಿಯಮ್ಮಿನ ಜಾಗಕ್ಕೆ ಹೈಡ್ರೋಜನ್ ಬಂದು ಕೂರುತ್ತದೆ. ಆಮೇಲೆ 600 ಡಿಗ್ರಿಯ ಕುಲುಮೆಯಲ್ಲಿ ಸುಟ್ಟರೆ ಅದು ಟೈಟಾನಿಯಂ ಡೈಆಕ್ಸೈಡ್ ಆಗಿ ಗಟ್ಟಿಯಾಗುತ್ತದೆ. ಆಮ್ಲ ಹೆಚ್ಚು ಹೊತ್ತಾದರೆ ಮುಳ್ಳು ತೆಳ್ಳಗಾಗಿ ಉದುರುತ್ತದೆ, ಕುಲುಮೆಯ ಶಾಖವನ್ನು ಒಮ್ಮೆಲೇ ಏರಿಸಿದರೆ ಪದರ ಬಿರುಕು ಬಿಡುತ್ತದೆ. ಪ್ರತಿ ಸಲವೂ ನೆನೆಹಾಕಿದ ನೀರಿನ ಪಿಎಚ್ ನೋಡುವುದು, ಆ ನೀರಿನಲ್ಲಿ ಬ್ಯಾಕ್ಟೀರಿಯಾ ಬದುಕುತ್ತದೆಯೆ ಎಂದು ನೋಡುವುದು ನಿಯಮವಾಯಿತು. ಹೋಲಿಕೆಯ ನಯವಾದ ಬಿಲ್ಲೆಗಳನ್ನೂ ಅದೇ ಆಮ್ಲ, ಅದೇ ಕುಲುಮೆಗೆ ಒಡ್ಡಿದೆ, ರಸಾಯನ ಎರಡರದೂ ಒಂದೇ ಇರಲೆಂದು. ಸೂಕ್ಷ್ಮದರ್ಶಕದ ಕೋಣೆಯ ಲೇಪನ ಯಂತ್ರದಲ್ಲಿ ಕೆಲವು ಜೋಡಿಗಳಿಗೆ ಚಿನ್ನವನ್ನೂ ಹೊದಿಸಿದೆ.

ಈ ಬಿಲ್ಲೆಗಳ ಮೇಲೆ ಬಂದ ಫಲಿತಾಂಶದಲ್ಲಿ ಓಡಿಹೋಗಿ ತೋರಿಸುವಂಥದ್ದೇನೂ ಇರಲಿಲ್ಲ. ಇ. ಕೋಲಿಯ ಕಾಲೊನಿಗಳ ಸಂಖ್ಯೆ ನಯವಾದ ಬಿಲ್ಲೆಗೆ ಹೋಲಿಸಿದರೆ ಸುಮಾರು ಅರ್ಧಕ್ಕಿಳಿದಿತ್ತು, ಚಿನ್ನ ಹೊದಿಸಿದ ಜೋಡಿಗಳಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಸ್ಟ್ಯಾಫಿಲೊಕಾಕಸ್ ಮಾತ್ರ ಮುಳ್ಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸಿಕಾಡಾ ರೆಕ್ಕೆಯ ಮೇಲೆಯೂ ಗ್ರಾಂ-ಪಾಸಿಟಿವ್ ಜಾತಿಗಳು ಹೀಗೆಯೇ ಬದುಕಿ ಉಳಿದಿದ್ದನ್ನು ಮೆಲ್ಬರ್ನ್‌ನವರು 2013ರಲ್ಲಿ ವರದಿ ಮಾಡಿದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಆದರೆ ಮೂಳೆಯ ಇಂಪ್ಲಾಂಟುಗಳನ್ನು ಹೆಚ್ಚು ಕಾಡುವುದು ಸ್ಟ್ಯಾಫಿಲೊಕಾಕಸ್ ಕುಲವೇ ಆದ್ದರಿಂದ ನಿರಾಶೆಯಂತೂ ಆಯಿತು.

ಅರ್ಧಕ್ಕಿಳಿಯಿತು ಎಂಬ ಮಾತೂ ಅಂದುಕೊಂಡಷ್ಟು ಸ್ಪಷ್ಟವಲ್ಲ. ಬಿಲ್ಲೆಯಿಂದ ಬಿಡಿಸಿ ಪ್ಲೇಟಿಗೆ ಹಾಕಿದಾಗ ಕಾಲೊನಿ ಕಡಿಮೆ ಬಂದರೆ ಅದಕ್ಕೆ ಮೂರು ಕಾರಣಗಳಿರಬಹುದು: ಬ್ಯಾಕ್ಟೀರಿಯಾ ಸತ್ತಿರಬಹುದು, ಅಂಟಿಕೊಳ್ಳದೆ ತೊಳೆದ ನೀರಿನ ಜೊತೆ ಹೋಗಿರಬಹುದು, ಇಲ್ಲವೆ ಮುಳ್ಳುಗಳ ನಡುವೆ ಸಿಕ್ಕಿಕೊಂಡು ಬಿಡಿಸಲು ಬಾರದೆ ಜೀವಂತವಾಗಿಯೇ ಉಳಿದಿರಬಹುದು. ಈ ಮೂರನ್ನು ಬೇರ್ಪಡಿಸಲು ತೊಳೆದ ನೀರನ್ನೂ ಎಣಿಸತೊಡಗಿದೆ, ಜೊತೆಗೆ ಎರಡು ಬಣ್ಣಗಳ ಪರೀಕ್ಷೆಯನ್ನು ಸೇರಿಸಿಕೊಂಡೆ. ಸೈಟೊ 9 ಎಂಬ ಬಣ್ಣ ಎಲ್ಲ ಕೋಶಗಳಿಗೂ ಹೋಗಿ ಹಸಿರಾಗಿ ಬೆಳಗುತ್ತದೆ. ಪ್ರೊಪಿಡಿಯಂ ಅಯೊಡೈಡ್ ಪೊರೆ ಹರಿದ ಕೋಶಗಳಿಗೆ ಮಾತ್ರ ನುಗ್ಗಿ ಅವನ್ನು ಕೆಂಪಾಗಿಸುತ್ತದೆ. ಕತ್ತಲೆ ಕೋಣೆಯಲ್ಲಿ ಕೂತು, ಒಂದೊಂದು ಬಿಲ್ಲೆಯ ಇಪ್ಪತ್ತು ಜಾಗಗಳ ಚಿತ್ರ ತೆಗೆದು, ಕೆಂಪು ಹಸಿರು ಎಣಿಸುವ ಈ ಕೆಲಸ ನನಗೆ ಉಳಿದೆಲ್ಲಕ್ಕಿಂತ ಪ್ರಿಯವಾಗಿತ್ತು.

ಇಲ್ಲಿಯೇ ಎರಡನೆಯ ಪೆಟ್ಟು ಬಿದ್ದದ್ದು. ನಮ್ಮಲ್ಲಿಗೆ ಪ್ರಾಜೆಕ್ಟಿಗೆಂದು ಬಂದಿದ್ದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳಿಗೆ ನನ್ನದೇ ಬಿಲ್ಲೆಗಳನ್ನು, ನನ್ನದೇ ಕಲ್ಚರನ್ನು ಕೊಟ್ಟು ಮಾಡಿಸಿದೆ. ಅವಳ ಚಿತ್ರಗಳಲ್ಲಿ ಕೆಂಪು ಕೋಶಗಳು ನನ್ನವಕ್ಕಿಂತ ಬಹಳ ಕಡಿಮೆ. ಅವಳ ಕೈಯ ದೋಷವೆಂದುಕೊಂಡು ಪಕ್ಕದಲ್ಲಿ ನಿಂತು ನೋಡಿದೆ. ದೋಷವಿರಲಿಲ್ಲ, ಆದರೆ ತೊಳೆಯುವ ರೀತಿ ಬೇರೆಯಿತ್ತು. ನಾನು ಬಿಲ್ಲೆಯನ್ನು ಚಿಮ್ಮಟದಿಂದ ಎತ್ತಿ, ಓರೆ ಮಾಡಿ ನೀರು ಬಸಿದು, ಮತ್ತೆ ಹೊಸ ನೀರಿನಲ್ಲಿ ಅದ್ದುತ್ತಿದ್ದೆ. ಅವಳು, "ಎತ್ತಿದರೆ ಒಣಗುತ್ತೇನೋ ಅಂತ ಭಯ ಆಯ್ತು ಅಕ್ಕ" ಎನ್ನುತ್ತಾ, ಬಿಲ್ಲೆ ಸದಾ ಮುಳುಗಿರುವಂತೆಯೇ ಪಿಪೆಟ್ಟಿನಿಂದ ಅರ್ಧರ್ಧ ನೀರನ್ನು ಬದಲಿಸುತ್ತಿದ್ದಳು. ಇಬ್ಬರೂ ಎರಡೂ ರೀತಿಯಲ್ಲಿ ತೊಳೆದು ನೋಡಿದೆವು. ನಯವಾದ ಬಿಲ್ಲೆಯಲ್ಲಿ ವ್ಯತ್ಯಾಸವಿಲ್ಲ. ಮುಳ್ಳಿನ ಬಿಲ್ಲೆಯಲ್ಲಿ ಎತ್ತಿ ಬಸಿದಾಗಲೆಲ್ಲ ಕೆಂಪು ಏರುತ್ತಿತ್ತು.

ಕಾರಣವನ್ನು ಹುಡುಕುವಾಗ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡವೊಂದು 2020ರಲ್ಲಿ ಪ್ರಕಟಿಸಿದ್ದ ಕೆಲಸ ಸಿಕ್ಕಿತು. ನೀರನ್ನು ಸೆಳೆದುಕೊಳ್ಳುವ ಗುಣದ ನ್ಯಾನೊ ಕಂಬಗಳು ನೀರಿನಡಿ ಸುಮ್ಮನೆ ಕೂತ ಬ್ಯಾಕ್ಟೀರಿಯಾವನ್ನು ಬೇಗ ಕೊಲ್ಲುವುದಿಲ್ಲ, ಹೊರಗಿನ ಒತ್ತಡ ಬೇಕು. ನೀರು ಹಿಂದೆ ಸರಿದು ಗಾಳಿ ಮುಟ್ಟುವಾಗ ಹುಟ್ಟುವ ಬಲವೇ ಆ ಒತ್ತಡವನ್ನು ಕೊಡುತ್ತದೆ ಎಂಬುದು ಅವರ ತೀರ್ಮಾನ. ಒದ್ದೆ ಬಟ್ಟೆಯ ನೀರಿಳಿದಂತೆಲ್ಲ ಅದು ಮೈಗೆ ಬಿಗಿದು ಅಂಟಿಕೊಳ್ಳುವ ಹಾಗೆ, ಸರಿಯುವ ನೀರಿನ ತೆಳುಪೊರೆ ಬ್ಯಾಕ್ಟೀರಿಯಾವನ್ನು ಗೂಟಗಳ ಮೇಲೆ ಅದುಮುತ್ತದೆ. ನನ್ನ ಬಿಲ್ಲೆಗಳೂ ಹಾಗೆಯೇ ನೀರನ್ನು ಸೆಳೆಯುವಂಥವು. ಒಂದು ಹನಿ ಬಿದ್ದರೆ ಇಡೀ ಮೈಗೆ ಹರಡಿಬಿಡುತ್ತಿತ್ತು. ಎಂದರೆ ನಾನು ಎಣಿಸಿದ್ದ ಸಾವುಗಳಲ್ಲಿ ಒಂದು ಪಾಲು ಆರು ಗಂಟೆಗಳ ಕಾಲ ನಡೆದದ್ದಲ್ಲ, ಕೊನೆಯ ಹತ್ತು ಸೆಕೆಂಡುಗಳಲ್ಲಿ, ನನ್ನ ಚಿಮ್ಮಟದ ತುದಿಯಲ್ಲಿ ನಡೆದದ್ದು. ಇದರಿಂದ ಮುಳ್ಳು ನಿರುಪಯೋಗಿಯೆಂದು ಆಗುವುದಿಲ್ಲ. ಪದೇ ಪದೇ ಒದ್ದೆಯಾಗಿ ಒಣಗುವ ಬಾಗಿಲ ಹಿಡಿಕೆಗೋ ನಲ್ಲಿಗೋ ಇದು ಒಳ್ಳೆಯ ಸುದ್ದಿಯೇ. ಸದಾ ದ್ರವದಲ್ಲಿ ಮುಳುಗಿರುವ ಮೂಳೆಯ ಸ್ಕ್ರೂವಿಗೆ ಅಲ್ಲ.

ಹಾಗೆಂದು ಎಲ್ಲವೂ ಯಾಂತ್ರಿಕ ಒತ್ತಡವೆಂದೂ ಹೇಳಲಾಗದು. ಬ್ರಿಟನ್ನಿನ ಬ್ರಿಸ್ಟಲ್‌ನ ತಂಡ ಅದೇ ವರ್ಷ ಟೈಟಾನಿಯಂ ನ್ಯಾನೊ ಕಂಬಗಳ ಕುರಿತು ಬರೆಯುತ್ತಾ, ಪೊರೆ ಹರಿಯದೆಯೂ ಬ್ಯಾಕ್ಟೀರಿಯಾದೊಳಗೆ ಆಕ್ಸಿಡೇಟಿವ್ ಒತ್ತಡ, ಅಂದರೆ ಆಮ್ಲಜನಕದ ಉಗ್ರ ರೂಪಗಳು ಕೋಶಕ್ಕೆ ಮಾಡುವ ಹಾನಿ, ಹೆಚ್ಚುವುದನ್ನು ತೋರಿಸಿತ್ತು. ನನ್ನ ಹಸಿರು ಕೋಶಗಳೆಲ್ಲವೂ ಆರೋಗ್ಯವಾಗಿದ್ದವು ಎನ್ನಲಾರೆ: ಮುಳುಗಿಸಿಯೇ ತೊಳೆದ ಬಿಲ್ಲೆಗಳಿಂದ ಬಿಡಿಸಿದ ಇ. ಕೋಲಿ, ಹಸಿರಾಗಿ ಕಂಡರೂ, ಪ್ಲೇಟಿನ ಮೇಲೆ ಕಣ್ಣಿಗೆ ಕಾಣುವಷ್ಟು ಬೆಳೆಯಲು ಕೆಲವು ಗಂಟೆ ಹೆಚ್ಚು ತೆಗೆದುಕೊಳ್ಳುತ್ತಿತ್ತು.

ಕೊನೆಯ ಪ್ರಯೋಗಗಳಲ್ಲಿ ಉಪ್ಪುನೀರನ್ನು ಬಿಟ್ಟು ಬ್ರಾತ್ ಬಳಸಿದೆ, ಏಕೆಂದರೆ ದೇಹದೊಳಗೆ ಬ್ಯಾಕ್ಟೀರಿಯಾ ಉಪವಾಸ ಕೂರುವುದಿಲ್ಲ. ಇಲ್ಲಿ ಲೆಕ್ಕ ನಿರ್ದಯವಾದದ್ದು. ಒಳ್ಳೆಯ ಬ್ರಾತಿನಲ್ಲಿ 37 ಡಿಗ್ರಿಯಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮುಳ್ಳು ಅರ್ಧದಷ್ಟನ್ನು ಕೊಂದರೆ ಆ ನಷ್ಟವನ್ನು ತುಂಬಿಕೊಳ್ಳಲು ಒಂದೇ ವಿಭಜನೆ ಸಾಕು. ಔಷಧಗಳ ಲೋಕದಲ್ಲಿ ಬ್ಯಾಕ್ಟೀರಿಯಾನಾಶಕವೆನಿಸಿಕೊಳ್ಳಲು ಬೇಕಾದ ಶೇಕಡಾ 99.9ರ ಮಟ್ಟದಲ್ಲಿ ಕೊಂದರೂ, ಉಳಿದದ್ದು ಹತ್ತು ವಿಭಜನೆಗಳಲ್ಲಿ, ಅಂದರೆ ಮೂರೂಕಾಲು ಗಂಟೆ ಚಿಲ್ಲರೆಯಲ್ಲಿ, ಮೊದಲಿದ್ದ ಸಂಖ್ಯೆಗೆ ಮರಳುತ್ತದೆ. ನನ್ನ ಬಿಲ್ಲೆಗಳಲ್ಲಿ ಮೂರನೆಯ ಗಂಟೆಗೆ ಕಾಣುತ್ತಿದ್ದ ವ್ಯತ್ಯಾಸ ಆರನೆಯ ಗಂಟೆಗೆ ಮಸುಕಾಗಿ, 24ನೆಯ ಗಂಟೆಗೆ ಇಲ್ಲವಾಗುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುಳ್ಳುಗಳ ಮೇಲೆ ಸತ್ತ ಕೋಶಗಳ ಚಪ್ಪಟೆ ಸಿಪ್ಪೆಗಳು ಹಾಸಿಕೊಂಡಿದ್ದವು, ಅವುಗಳ ಮೇಲೆ ಹೊಸ ತಲೆಮಾರು ನೆಮ್ಮದಿಯಿಂದ ಮಲಗಿತ್ತು. ಆ ಚಿತ್ರ ನನ್ನ ಪ್ರಬಂಧದಲ್ಲಿದೆ. ಪರೀಕ್ಷಕರು ಹೆಚ್ಚು ಹೊತ್ತು ನಿಲ್ಲಿಸಿ ನೋಡಿದ್ದೂ ಅದನ್ನೇ.

ಇನ್ನೊಂದು ತೊಡಕನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಇಂಥ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾದೀತು. ಡಬ್ಬಿಯಲ್ಲಿಟ್ಟ ಬಿಲ್ಲೆಗಳ ಮೈ ವಾರಗಳು ಕಳೆದಂತೆ ಬದಲಾಗುತ್ತದೆ. ಗಾಳಿಯಲ್ಲಿರುವ ಸಾವಯವ ಅಣುಗಳು ಮೆಲ್ಲಗೆ ಬಂದು ಕೂತು, ಹೊಸದಾಗಿದ್ದಾಗ ನೀರನ್ನು ಪೂರ್ತಿ ಹರಡಿಸುತ್ತಿದ್ದ ಬಿಲ್ಲೆಯ ಮೇಲೆ ಎರಡು ತಿಂಗಳ ನಂತರ ಹನಿ ಉಬ್ಬಿ ನಿಲ್ಲುತ್ತದೆ. ಹಳೆಯ ಬಿಲ್ಲೆಯನ್ನೂ ಹೊಸ ಬಿಲ್ಲೆಯನ್ನೂ ಒಂದೇ ಪ್ರಯೋಗದಲ್ಲಿ ಬೆರೆಸಿದ್ದರಿಂದ ನನ್ನ ಒಂದು ಇಡೀ ತಿಂಗಳ ದತ್ತಾಂಶವನ್ನು ಬಿಡಬೇಕಾಯಿತು. ಈಗ ಪ್ರತಿ ಡಬ್ಬಿಯ ಮೇಲೂ ಕುಲುಮೆಯಿಂದ ತೆಗೆದ ದಿನಾಂಕವಿದೆ, ಏಳು ದಿನ ದಾಟಿದ್ದನ್ನು ಮುಟ್ಟುವುದಿಲ್ಲ.

ಸದ್ಯ ಬಿಲ್ಲೆಗಳನ್ನು ಮೊದಲು ಸೀರಮ್ಮಿನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವದಲ್ಲಿ, ಅದ್ದಿ, ಆಮೇಲೆ ಬ್ಯಾಕ್ಟೀರಿಯಾ ಬಿಡುತ್ತಿದ್ದೇವೆ. ರಕ್ತ ತಾಗಿದ ಕ್ಷಣವೇ ಇಂಪ್ಲಾಂಟಿನ ಮೇಲೆ ಪ್ರೋಟೀನುಗಳು ಪದರ ಕಟ್ಟುವುದರಿಂದ, ಬ್ಯಾಕ್ಟೀರಿಯಾ ನಿಜವಾಗಿ ಮುಟ್ಟುವುದು ಮುಳ್ಳನ್ನಲ್ಲ, ಪ್ರೋಟೀನು ಮೆತ್ತಿದ ಮುಳ್ಳನ್ನು. ಸೀರಮ್ಮಿನ ಮೊದಲ ಕಂತಿನ ಪ್ಲೇಟುಗಳು ಕಳೆದ ವಾರ ಬಂದವು. ನಯವಾದದ್ದು ಯಾವುದು, ಮುಳ್ಳಿನದು ಯಾವುದು ಎಂದು ತಳದ ಚೀಟಿ ಓದದೆ ಹೇಳಲು ನನ್ನಿಂದಾಗಲಿಲ್ಲ. ಪ್ಲೇಟುಗಳನ್ನು ಮೇಡಮ್ಮಿಗೆ ತೋರಿಸುವ ಮುನ್ನ ಸೀರಮ್ಮಿನ ಪಿಎಚ್ ನೋಡಿದೆ. 7.4 ಇತ್ತು.